ಆಪರೇಷನ್ನಿಗೆ ಮೊದಲು ಗಾಂಜಾ: ವೈದ್ಯರಿಂದ ಮುಚ್ಚಿಡಬೇಡಿ

ಹರ್ನಿಯಾ ಆಪರೇಷನ್ನಿಗೆಂದು ನಾನೇ ಚೀಟಿ ಬರೆದು ಕಳಿಸಿದ್ದ 26 ವರ್ಷದ ಹುಡುಗ ಆಪರೇಷನ್ ಆಗದೆ ಅದೇ ಮಧ್ಯಾಹ್ನ ವಾಪಸು ಬಂದ. ಜೊತೆಗಿದ್ದ ತಂದೆಗೆ ವಿಪರೀತ ಸಿಟ್ಟು. ‘ಬೆಳಿಗ್ಗೆಯಿಂದ ಉಪವಾಸ ಇರಿಸಿ, ಇನ್ನೇನು ಒಳಗೆ ಕರ್ಕೊಂಡು ಹೋಗ್ತಾರೆ ಅನ್ನುವಾಗ ಆಗೋದಿಲ್ಲ ಅಂದ್ರಲ್ಲ ಡಾಕ್ಟ್ರೇ!’ ಎಂದರು. ಅರಿವಳಿಕೆ ತಜ್ಞರ ಟಿಪ್ಪಣಿ ನೋಡಿದೆ. ನಾಡಿ ಬಡಿತ ನಿಮಿಷಕ್ಕೆ 130, ಕಣ್ಣು ಕೆಂಪು, ಮಾತಿನಲ್ಲಿ ತೊದಲು. ತಂದೆಯನ್ನು ಹೊರಗೆ ಕೂರಿಸಿ ವಿಚಾರಿಸಿದಾಗ ಹುಡುಗ ತಲೆ ತಗ್ಗಿಸಿ ಹೇಳಿದ: ‘ಹೆದರಿಕೆ ಆಗಿತ್ತು ಸಾರ್. ಒಳಗೆ ಕರೆಯೋ ಮುಂಚೆ ಹೊರಗೆ ಹೋಗಿ ಒಂದೆರಡು ದಮ್ಮು ಎಳೆದೆ.’ ಎಳೆದದ್ದು ಗಾಂಜಾ. ಮೂರು ವರ್ಷದ ಅಭ್ಯಾಸ.

ತಪ್ಪು ಅವನೊಬ್ಬನದೇ ಅಲ್ಲ. ತಪಾಸಣೆಯ ದಿನ ನಾನು ಬೀಡಿ, ಸಿಗರೇಟು, ಕುಡಿತದ ಬಗ್ಗೆ ಕೇಳಿದ್ದೆನೇ ಹೊರತು ಗಾಂಜಾ ವಿಷಯ ಕೇಳಿರಲಿಲ್ಲ. ಕೇಳಿದ್ದರೂ ತಂದೆಯ ಎದುರು ಅವನು ಬಾಯಿ ಬಿಡುತ್ತಿರಲಿಲ್ಲ.

ದೇಹದಲ್ಲಿ ಏನಾಗುತ್ತದೆ?

ಗಾಂಜಾ, ಭಂಗಿ, ಚರಸ್ ಮೂರೂ ಒಂದೇ ಗಿಡದವು. ಹೂವಿನ ತೆನೆ ಗಾಂಜಾ, ಎಲೆ ಭಂಗಿ, ಅಂಟು ಚರಸ್. ಮತ್ತು ಬರಿಸುವ ಮುಖ್ಯ ರಾಸಾಯನಿಕ ಟಿಎಚ್‌ಸಿ. ಇದನ್ನು 1964ರಲ್ಲಿ ಬೇರ್ಪಡಿಸಿದವರು ಇಸ್ರೇಲಿನ ವಿಜ್ಞಾನಿ ರಾಫೆಲ್ ಮೆಶೂಲಮ್ ಮತ್ತು ಸಂಗಡಿಗರು. ನಮ್ಮ ಮಿದುಳೇ ತಯಾರಿಸಿಕೊಳ್ಳುವ, ಇದೇ ರೀತಿ ಕೆಲಸ ಮಾಡುವ ವಸ್ತುವೊಂದನ್ನು ಅವರ ತಂಡ 1992ರಲ್ಲಿ ಪತ್ತೆ ಮಾಡಿ, ಸಂಸ್ಕೃತದ ‘ಆನಂದ’ ಪದದಿಂದ ‘ಆನಂದಮೈಡ್’ ಎಂದು ಹೆಸರಿಟ್ಟಿತು. ನೋವು, ಹಸಿವು, ನೆನಪು, ಮನಸ್ಸಿನ ಸ್ಥಿತಿ ಇವುಗಳನ್ನು ಹದದಲ್ಲಿಡಲು ಈ ವ್ಯವಸ್ಥೆ ನೆರವಾಗುತ್ತದೆ. ಗಾಂಜಾ ಈ ಹದವನ್ನೇ ಕೆಡಿಸುತ್ತದೆ.

ಹೃದಯಕ್ಕೆ ಹೊರೆ

ಗಾಂಜಾ ಸೇದಿದ ಕೆಲವೇ ನಿಮಿಷಗಳಲ್ಲಿ ಹೃದಯ ಬಡಿತ ಏರುತ್ತದೆ. ಎರಡು ಮೂರು ಗಂಟೆ ಹಾಗೆಯೇ ಇರಬಹುದು. ರಕ್ತದೊತ್ತಡ ಏರುಪೇರಾಗುತ್ತದೆ. ಸೇದಿದ ಮೊದಲ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ ಸುಮಾರು ಐದು ಪಟ್ಟು ಹೆಚ್ಚುತ್ತದೆಂದು 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಅರಿವಳಿಕೆಯ ಔಷಧಗಳೂ ಬಡಿತವನ್ನೂ ಒತ್ತಡವನ್ನೂ ಬದಲಿಸುವಂಥವು. ಎರಡೂ ಒಟ್ಟಿಗೆ ಸೇರಿದರೆ ಹೃದಯ ಲಯ ತಪ್ಪಬಹುದು.

ಉಸಿರಿನ ದಾರಿ

ಹೊಗೆಯಿಂದ ಗಂಟಲು, ಶ್ವಾಸನಾಳ ಕೆರಳಿರುತ್ತವೆ. ನಮ್ಮಲ್ಲಿ ಗಾಂಜಾವನ್ನು ತಂಬಾಕಿನ ಜೊತೆ ಬೆರೆಸಿ ಸೇದುವವರೇ ಬಹಳ. ಹಾಗಾಗಿ ಹಾನಿ ಇಮ್ಮಡಿ. ಉಸಿರಾಟಕ್ಕೆ ಕೊಳವೆ ಹಾಕುವಾಗ ಅಥವಾ ತೆಗೆಯುವಾಗ ಗಂಟಲು ಬಿಗಿದುಕೊಂಡು ಉಸಿರು ಕಟ್ಟಬಹುದು.

ಎಷ್ಟು ಔಷಧ ಕೊಡಬೇಕು?

ಅರಿವಳಿಕೆ ತಜ್ಞರಿಗೆ ನಿಜವಾದ ತಲೆನೋವು ಇದೇ. ಆಗಷ್ಟೇ ಸೇದಿ ಬಂದವನಿಗೆ ಗಾಂಜಾದ ಮಂಪರಿನ ಮೇಲೆ ಅರಿವಳಿಕೆಯ ಮಂಪರೂ ಸೇರುತ್ತದೆ. ವರ್ಷಗಟ್ಟಲೆ ಸೇದಿದವನದು ಇದಕ್ಕೆ ತದ್ವಿರುದ್ಧ. ಮಾಮೂಲು ಪ್ರಮಾಣ ಸಾಲದೆ ಹೋಗಬಹುದು. ಅಮೆರಿಕದ ಕೊಲರಾಡೋದಲ್ಲಿ ಎಂಡೋಸ್ಕೋಪಿ ಮಾಡಿಸಿಕೊಂಡ 250 ರೋಗಿಗಳ ದಾಖಲೆ ಪರಿಶೀಲಿಸಿದ ವರದಿ 2019ರಲ್ಲಿ ಪ್ರಕಟವಾಯಿತು. ನಿತ್ಯ ಅಥವಾ ವಾರವಾರ ಗಾಂಜಾ ಬಳಸುವವರಿಗೆ ಫೆಂಟನಿಲ್ ಶೇ 14, ಮಿಡಜೋಲಮ್ ಶೇ 20, ಪ್ರೊಪೊಫಾಲ್ ಶೇ 220ರಷ್ಟು ಹೆಚ್ಚು ಬೇಕಾಗಿತ್ತು. ಅಂಥವರು ಅದರಲ್ಲಿ 25 ಮಂದಿ ಮಾತ್ರ ಇದ್ದುದರಿಂದ ಈ ಅಂಕಿಗಳನ್ನೇ ಎಲ್ಲರಿಗೂ ಅನ್ವಯಿಸುವಂತಿಲ್ಲ. ಆದರೆ ಸೂಚನೆ ಸ್ಪಷ್ಟ. ಔಷಧ ಕಡಿಮೆಯಾದರೆ ರೋಗಿ ನಡುವೆ ಎಚ್ಚರಗೊಳ್ಳಬಹುದು. ಹೆಚ್ಚಾದರೆ ಉಸಿರು, ರಕ್ತದೊತ್ತಡ ಕುಸಿಯಬಹುದು. ವಿಷಯ ಮೊದಲೇ ಗೊತ್ತಿದ್ದರೆ ತಜ್ಞರು ತಯಾರಾಗಿರುತ್ತಾರೆ.

ಭಂಗಿ ಕುಡಿದರೆ ಪರವಾಗಿಲ್ಲವೇ?

ಖಂಡಿತ ಅಲ್ಲ. ಹೊಟ್ಟೆಗೆ ಹೋದ ಭಂಗಿ ತಲೆಗೇರಲು ಒಂದೆರಡು ಗಂಟೆ ಬೇಕು; ಇಳಿಯಲು ಆರರಿಂದ ಹನ್ನೆರಡು ಗಂಟೆ. ಜೊತೆಗೆ ಟಿಎಚ್‌ಸಿ ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ. ಭಂಗಿ ಬೆರೆಸಿದ ಹಾಲಾಗಲಿ ಲಾಡುವಾಗಲಿ ಆಹಾರವೇ, ಉಪವಾಸ ಮುರಿದಂತೆಯೇ. ಅರಿವಳಿಕೆಯಲ್ಲಿ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ.

ಆಪರೇಷನ್ ಆದ ಮೇಲೆ

‘ಗಾಂಜಾ ನೋವು ಮರೆಸುತ್ತದಲ್ಲ, ಒಳ್ಳೆಯದೇ ಆಯಿತು’ ಎನ್ನುವವರಿದ್ದಾರೆ. ಆದರೆ ವಿಪರೀತ ಬಳಸುವವರಿಗೆ ಆಪರೇಷನ್ ನಂತರ ನೋವು ಹೆಚ್ಚು, ನೋವುನಿವಾರಕವೂ ಹೆಚ್ಚು ಬೇಕಾಗುತ್ತದೆ ಎಂಬುದೇ ವೈದ್ಯರ ಅನುಭವ. ಇನ್ನೊಂದು ಸಂಗತಿ: ದಿನವೂ ಸೇದುವವನು ಆಸ್ಪತ್ರೆಯ ಹಾಸಿಗೆಯಲ್ಲಿ ಒಂದೆರಡು ದಿನ ಕಳೆಯುವಷ್ಟರಲ್ಲಿ ಸಿಡುಕು, ನಿದ್ರೆಯಿಲ್ಲದಿರುವಿಕೆ, ಬೆವರು, ಊಟ ಸೇರದಿರುವಿಕೆ ಶುರುವಾಗುತ್ತವೆ. ಕಾರಣ ತಿಳಿಯದಿದ್ದರೆ ಸೋಂಕೆಂದೋ ಔಷಧದ ದುಷ್ಪರಿಣಾಮವೆಂದೋ ಹುಡುಕಾಟ ನಡೆಯುತ್ತದೆ.

ಹಾಗಾದರೆ ಏನು ಮಾಡಬೇಕು?

ಅಮೆರಿಕದ ಅರಿವಳಿಕೆ ತಜ್ಞರ ಸಂಘವೊಂದು 2023ರಲ್ಲಿ ಮಾರ್ಗಸೂಚಿ ಹೊರಡಿಸಿ, ಅರಿವಳಿಕೆ ಪಡೆಯುವ ಪ್ರತಿ ರೋಗಿಯನ್ನೂ ಗಾಂಜಾ ಬಗ್ಗೆ ಕೇಳಬೇಕೆಂದು ಸೂಚಿಸಿತು. ಮತ್ತಿನಲ್ಲಿರುವವರ ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಕು. ಸೇದಿದ ಮೇಲೆ ಕನಿಷ್ಠ ಎರಡು ಗಂಟೆಯಾದರೂ ಕಾಯಬೇಕು ಎಂದಿತು. ಇದು ಕನಿಷ್ಠ ಮಿತಿಯೇ ಹೊರತು ಸೇದಲು ಪರವಾನಗಿಯಲ್ಲ!

* ಏನು, ಎಷ್ಟು, ಕೊನೆಯ ಬಾರಿ ಯಾವಾಗ: ಈ ಮೂರನ್ನೂ ಅರಿವಳಿಕೆ ತಜ್ಞರಿಗೆ ತಿಳಿಸಿ. ಮನೆಯವರ ಎದುರು ಮುಜುಗರವಾದರೆ ‘ಒಬ್ಬನೇ ಮಾತಾಡಬೇಕು’ ಎನ್ನಿ.
* ಆಯುರ್ವೇದದ ‘ವಿಜಯಾ’ ಇರುವ ಔಷಧ, ಎಣ್ಣೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ.
* ದಿನ ಗೊತ್ತಾದ ಕೂಡಲೇ ಬಿಡಲು ಪ್ರಯತ್ನಿಸಿ. ದಿನವೂ ಬಳಸುವವರು ವೈದ್ಯರ ಸಲಹೆಯಂತೆ ಬಿಡುವುದು ಮೇಲು.
* ಅಪಘಾತ, ಹೆರಿಗೆಯಂಥ ತುರ್ತಿನಲ್ಲಿ ಕಾಯಲು ಸಮಯವಿರದು. ರೋಗಿಗೆ ಹೇಳಲಾಗದಿದ್ದರೆ ಗೆಳೆಯರು, ಮನೆಯವರು ತಿಳಿಸಬೇಕು.

ಗಾಂಜಾ ಸೇವನೆ ಕಾನೂನಿನಂತೆ ಅಪರಾಧವಾದ್ದರಿಂದ ಹೇಳಲು ಭಯ ಸಹಜ. ಆದರೆ ವೈದ್ಯರು ಕೇಳುವುದು ಪೊಲೀಸರಿಗೆ ಒಪ್ಪಿಸಲು ಅಲ್ಲ. ರೋಗಿಯ ಗುಟ್ಟು ಕಾಯುವುದು ನಮ್ಮ ವೃತ್ತಿಧರ್ಮ.

ಆ ಹುಡುಗನ ಆಪರೇಷನ್ ಆರು ವಾರಗಳ ನಂತರ ಸುಸೂತ್ರವಾಗಿ ನಡೆಯಿತು. ಈ ಬಾರಿ ಎಲ್ಲವನ್ನೂ ಅವನೇ ಅರಿವಳಿಕೆ ತಜ್ಞರಿಗೆ ಹೇಳಿದ್ದ. ‘ಅವತ್ತು ಏನಾಗಿತ್ತು ಡಾಕ್ಟ್ರೇ?’ ಎಂದು ತಂದೆ ಈಗಲೂ ಕೇಳುತ್ತಾರೆ. ‘ನಾಡಿ ಜೋರಾಗಿತ್ತು’ ಎನ್ನುತ್ತೇನೆ. ಅದು ಸುಳ್ಳಲ್ಲ. ಉಳಿದದ್ದನ್ನು ಹೇಳಬೇಕಾದವನು ಮಗ. ಈಗ ನಾನು ಬೀಡಿ, ಕುಡಿತದ ಜೊತೆ ನಾಲ್ಕನೆಯ ಪ್ರಶ್ನೆಯನ್ನೂ ಕೇಳುತ್ತೇನೆ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ.