ಎರೆಹುಳುವಿನ ನೆಲೆಯೂ ಅದರ ಕರುಳೂ

ಎರೆಹುಳುವು ರೈತನ ಮಿತ್ರನೆಂಬುದು ಸರ್ವರಿಗೂ ತಿಳಿದ ಸಂಗತಿಯಷ್ಟೆ. ಆದರೆ ಎಲ್ಲ ಎರೆಹುಳುಗಳ ಸ್ವಭಾವವೂ ಒಂದೇ ಎಂದು ಭಾವಿಸುವುದು ತಪ್ಪು. ನೆಲೆಗೆ ತಕ್ಕ ಆಹಾರ, ಆಹಾರಕ್ಕೆ ತಕ್ಕ ಕರುಳು. ಇದು ಈ ಪ್ರಾಣಿಯ ದೇಹಧರ್ಮ. ಇದನ್ನರಿಯದೆ, ಗೊಬ್ಬರದ ತೊಟ್ಟಿಯಲ್ಲಿ ಬೆಳೆದ ಹುಳುಗಳನ್ನು ಹಣ ತೆತ್ತು ತಂದು ಬರಿಯ ಹೊಲಕ್ಕೆ ಬಿಡುವವರಿಗೆ ಹಣವೂ ಹುಳುವೂ ಎರಡೂ ನಷ್ಟವಾಗುವುವು.

ಹುಳುವಿಗೆ ಹಲ್ಲಿಲ್ಲ. ನುಂಗಿದ ಆಹಾರವು ಬಲವಾದ ಸ್ನಾಯುಗಳುಳ್ಳ ಜಠರವೊಂದರಲ್ಲಿ, ಮರಳಿನ ಕಣಗಳೊಡನೆ ಸೇರಿ, ಬೀಸುವ ಕಲ್ಲಿಗೆ ಸಿಕ್ಕಿದ ಕಾಳಿನಂತೆ ನುರಿಯುವುದು. ಆ ಮೇಲೆ ಕರುಳಿನಲ್ಲಿ ಜೀರ್ಣರಸಗಳೂ ಸೂಕ್ಷ್ಮಜೀವಿಗಳೂ ಅದನ್ನು ಕರಗಿಸುವುವು. ಕರುಳಿನ ಮೇಲ್ಗಡೆಯಿಂದ ಒಳಕ್ಕೆ ಇಳಿದಿರುವ ಮಡಿಕೆಯೊಂದು ಸಾರವನ್ನು ಹೀರಲು ನೆರವಾಗುವುದು.

ತೊಟ್ಟಿಗಳಲ್ಲಿ ಸಾಕುವ ಐಸೀನಿಯ, ಯೂಡ್ರಿಲಸ್ ಮುಂತಾದುವು ನೆಲದ ಮೇಲ್ಮೈಯಲ್ಲಿ ಸಗಣಿ, ತರಗೆಲೆಗಳನ್ನು ತಿಂದು ಬಾಳುವಂಥವು. ಇವುಗಳ ಆಹಾರವು ಸಾರವತ್ತಾದುದು. ಆದುದರಿಂದ ಕರುಳಿನ ಮಡಿಕೆಯು ಸರಳವಾಗಿರುವುದು.

ಮಣ್ಣನ್ನೇ ತಿನ್ನುವ ಹುಳುಗಳ ರೀತಿಯೇ ಬೇರೆ. ಮಣ್ಣಿನಲ್ಲಿ ಸಾರವು ಅತ್ಯಲ್ಪ. ಆದಕಾರಣ ಅವು ಬಹಳ ಮಣ್ಣನ್ನು ನುಂಗಬೇಕು. ಅವುಗಳ ಕರುಳಿನ ಮಡಿಕೆಯು ಹೆಚ್ಚು ಸುರುಳಿಗೊಂಡಿರುವುದು. ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಮಲೆನಾಡಿನ ತೋಟಗಳಲ್ಲಿಯೂ ನೆಲಸಿರುವ ಪಾಂಟೊಸ್ಕೋಲೆಕ್ಸ್ ಎಂಬುದು ನುಂಗಿದ ಮಣ್ಣಿಗೆ ನೀರನ್ನೂ ಲೋಳೆಯನ್ನೂ ಬೆರಸುವುದು. ಮಣ್ಣಿನಲ್ಲಿ ನಿದ್ರಿಸುತ್ತಿದ್ದ ಸೂಕ್ಷ್ಮಜೀವಿಗಳು ಇದರಿಂದ ಎಚ್ಚೆತ್ತು, ಹುಳುವಿಗಾಗಿ ಜೀರ್ಣಕಾರ್ಯವನ್ನು ನಡೆಸುವುವು.

ಯೂರೋಪಿನ ಲುಂಬ್ರಿಕಸ್ ಹುಳುವು ಆಳವಾದ ಬಿಲದೊಳಕ್ಕೆ ಎಲೆಗಳನ್ನು ಎಳೆದುಕೊಂಡು ತಿನ್ನುವುದು. ಎಲೆಯಲ್ಲಿರುವ ಒಗರು ಪದಾರ್ಥಗಳು ಜೀರ್ಣಕ್ಕೆ ಅಡ್ಡಿ ಮಾಡತಕ್ಕವು; ಇವನ್ನು ತಡೆಯುವ ವಿಶೇಷ ದ್ರವ್ಯಗಳು ಎರೆಹುಳುಗಳ ಕರುಳಿನಲ್ಲಿರುವುವೆಂದು ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನ ಅನೇಕ ಕಡೆ ಎಕರೆಗೆ ವರ್ಷಕ್ಕೆ 10 ಟನ್ನಿಗೂ ಮಿಕ್ಕ ಮಣ್ಣು ಹುಳುಗಳ ದೇಹದ ಮೂಲಕ ಹಾದು ಮೇಲಕ್ಕೆ ಬರುವುದೆಂದು ಡಾರ್ವಿನ್ ಪಂಡಿತನು 1881ರಲ್ಲಿಯೇ ಲೆಕ್ಕ ಕೊಟ್ಟಿದ್ದನು.

ಇದರಿಂದ ತಿಳಿಯತಕ್ಕದ್ದೇನೆಂದರೆ, ತೊಟ್ಟಿಯ ಹುಳುವನ್ನು ತೊಟ್ಟಿಯಲ್ಲಿಯೇ ಸಾಕಿ, ಅದರ ಗೊಬ್ಬರವನ್ನು ಹೊಲಕ್ಕೆ ಹಾಕುವುದೇ ಲೇಸು. ಹೊಲದ ಹುಳುವು ಹೊಲದಲ್ಲಿಯೇ ಇರುವುದು. ಅದಕ್ಕೆ ಬೇಕಾದುದು ಆಹಾರ, ತೇವ, ನೆರಳು. ಕೂಳೆಯನ್ನೂ ತರಗನ್ನೂ ಸುಡದೆ ನೆಲಕ್ಕೆ ಹೊದಿಸತಕ್ಕದ್ದು. ಅನಾವಶ್ಯಕವಾದ ಉಳುಮೆಯನ್ನು ಬಿಡತಕ್ಕದ್ದು. ಮಳೆ ಬಿದ್ದು ನೆಲ ನೆನೆದ ಮೇಲೆ ಒಂದು ಮೊಳ ಚದರ ಅಗೆದು ಹುಳುಗಳನ್ನು ಎಣಿಸಿ, ಮುಂದಿನ ವರ್ಷದ ಎಣಿಕೆಯೊಡನೆ ಹೋಲಿಸಿದರೆ ಫಲವು ತಾನೇ ಗೊತ್ತಾಗುವುದು. ಊರಿನ ಮುಖಂಡರು ಮೊದಲು ತಮ್ಮ ಹೊಲದಲ್ಲಿ ಬೆಂಕಿಯನ್ನು ನಿಲ್ಲಿಸಿದರೆ, ಉಳಿದವರು ಅನುಸರಿಸುವುದು ಕಷ್ಟವಾಗಲಾರದು.