ಕಾಲೇಜಿನ ಛಾವಣಿಯೂ ಕಲ್ನಾರಿನ ಧೂಳೂ

ಮೃಗಶಿರೆಯ ಮಳೆ ಹಿಡಿಯುವುದಕ್ಕೆ ಮೊದಲು ಬಾರಾಮತಿಯಲ್ಲಿ ಎಲ್ಲರ ಕಣ್ಣೂ ಛಾವಣಿಯ ಮೇಲೆಯೇ. ಸೋರುವಲ್ಲಿ ಡಾಂಬರು ಬಳಿಯುವವರು, ಒಡೆದುದನ್ನು ಬದಲಿಸುವವರು, ಪಾಚಿ ಕೆರೆಯುವವರು. ನಾವಿರುವ ಬಾಡಿಗೆಮನೆಯ ಅಡಿಗೆಕೋಣೆಗೂ ಸಿಮೆಂಟು ಪತ್ರೆಯ ಹೊದಿಕೆಯೇ ಇದ್ದು, ವರ್ಷಕ್ಕೊಮ್ಮೆ ತಂತಿಯ ಬ್ರಶ್ಶು ಹಿಡಿದು ಏಣಿಯೇರುವುದು ನಮ್ಮ ಪಾಲಿನ ಕೆಲಸವಾಗಿತ್ತು. ಏಣಿ ಹಿಡಿದು ನಿಲ್ಲುವುದೂ ಉದುರಿದ ಪುಡಿಯನ್ನು ಗುಡಿಸುವುದೂ ಮನೆಯವರ ಪಾಲಿಗೆ. ಆ ಬ್ರಶ್ಶನ್ನು ಈಗ ಬಿಟ್ಟಿದ್ದೇವೆ. ಕಾರಣ ಹೇಳಬೇಕಾದರೆ ಎರಡು ವರ್ಷ ಹಿಂದಿನ ಒಂದು ಮಧ್ಯಾಹ್ನಕ್ಕೆ ಹೋಗಬೇಕು.

ಅಂದು ಸೋದರಳಿಯನ ಪ್ರವೇಶದ ಅರ್ಜಿ ತರಲೆಂದು ಸಮೀಪದ ಒಂದು ಕಾಲೇಜಿಗೆ ಹೋಗಿದ್ದೆವು. ರಜೆಯ ಕಾಲ. ಹಿತ್ತಿಲಲ್ಲಿ ಹಳೆಯ ಪ್ರಯೋಗಶಾಲೆಯ ಛಾವಣಿ ಕಳಚುತ್ತಿದ್ದರು. ಕಳಚುವುದೆಂದರೇನು, ಸುತ್ತಿಗೆಯಿಂದ ಹೊಡೆದು ಕೆಡವುತ್ತಿದ್ದರು. ಪತ್ರೆಗಳು ನೆಲಕ್ಕೆ ಬಿದ್ದು ಚೂರಾದಂತೆಲ್ಲ ಬಿಳಿಯ ಧೂಳು ಎದ್ದು ಬೇವಿನ ಮರವನ್ನೇ ಮುಚ್ಚುತ್ತಿತ್ತು. ಆ ಧೂಳಿನೊಳಗಿಂದ, "ಆ ಕಡೆ ಬ್ಯಾಡೋ, ಈ ಕಡೆ ಒಗಿ!" ಎಂಬ ಕೂಗು ಕೇಳಿತು. ಪರಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಕಾಲು ತಾನಾಗಿ ನಿಲ್ಲುತ್ತದೆ. ಇದು ನಮ್ಮ ವಾಚಕರಿಗೆಲ್ಲ ಗೊತ್ತಿರುವ ಮಾತೇ.

ಆತ ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಹೆಂಡತಿ ಒಣಪೊರಕೆಯಿಂದ ಪುಡಿ ಗುಡಿಸುತ್ತಿದ್ದಳು. ಕೂಸು ಬೇವಿನ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿತ್ತು. ತಮ್ಮ ಗುಡಿಸಲಿಗೆಂದು ಒಡೆಯದ ನಾಲ್ಕು ತುಂಡುಗಳನ್ನು ಬದಿಗಿಟ್ಟಿದ್ದರು. ಊರು, ಮಳೆ, ಕೂಲಿಯ ಮಾತೆಲ್ಲ ಆದ ಮೇಲೆ ಆತ ಕೆಮ್ಮುತ್ತ, "ಇದು ಬರೇ ಸಿಮಿಂಟ ಅಲ್ಲೇನ್ರಿ, ಅಣ್ಣಾರ?" ಎಂದು ಕೇಳಿದ. "ಹೌದು ತಮ್ಮಾ, ಸಿಮೆಂಟೇ," ಎಂದೆವು. ಬಿ.ಎ. ಓದಿದವರ ಮಾತು; ಆತ ನಂಬಿದ.

ಮಾತು ಸುಳ್ಳೆಂದು ಹೊಳೆದದ್ದು ಮನೆಗೆ ಬಂದ ಮೇಲೆ. ಶಾಲೆಯಲ್ಲಿ ರಸಾಯನಶಾಸ್ತ್ರದ ಮೇಷ್ಟರು ದೀಪದ ಮೇಲೆ ತಂತಿಜಾಳಿಗೆಯಿಟ್ಟು ನೀರು ಕಾಯಿಸುತ್ತಿದ್ದರು. ಜಾಳಿಗೆಯ ನಡುವೆ ಬೆಳ್ಳಗಿದ್ದುದು ಅಸ್ಬೆಸ್ಟಾಸ್, ಬೆಂಕಿಗೆ ಉರಿಯದ ಕಲ್ಲು ಎಂದು ಬರೆಸಿದ್ದರು. ಕನ್ನಡದಲ್ಲಿ ಅದಕ್ಕೆ ಕಲ್ನಾರು ಎಂಬ ಅಂದವಾದ ಹೆಸರಿದೆ. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಿನ ಬಂಡೆಗಳಲ್ಲಿಯೂ ಅದು ಉಂಟು. ಸಿಮೆಂಟು ಪತ್ರೆಯ ಸುಮಾರು ಹತ್ತನೆಯ ಒಂದು ಪಾಲು ಈ ನಾರೇ. ಪತ್ರೆ ಇಡಿಯಾಗಿರುವ ತನಕ ಸಿಮೆಂಟು ಅದನ್ನು ಹಿಡಿದಿಟ್ಟಿರುತ್ತದೆ. ಅಡಿಯಲ್ಲಿ ಕೂತು ಓದುವ ಹುಡುಗರಿಗೆ ಅಪಾಯ ಅಲ್ಪವೇ. ಒಡೆದಾಗ, ಗರಗಸ ಹಾಕಿದಾಗ, ರಂಧ್ರ ಕೊರೆದಾಗ, ತಂತಿಬ್ರಶ್ಶಿನಿಂದ ಉಜ್ಜಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಗಾಳಿಗೇರುತ್ತವೆ. ಶ್ವಾಸಕೋಶದಲ್ಲಿ ನೆಟ್ಟವು ಕರಗುವುದು ದುರ್ಲಭ. ಅದರಿಂದ ಬರುವ ಅಸ್ಬೆಸ್ಟೋಸಿಸ್ ಎಂಬ ಉಬ್ಬಸದ ಬೇನೆಯಾಗಲಿ ಕ್ಯಾನ್ಸರಾಗಲಿ ತಲೆಯೆತ್ತುವುದಕ್ಕೆ 20ರಿಂದ 40 ವರ್ಷ ಹಿಡಿಯಬಹುದು. ಆ ಹೊತ್ತಿಗೆ ಜೋಲಿಯ ಕೂಸು ತಾನೇ ಮಕ್ಕಳ ತಂದೆಯೋ ತಾಯಿಯೋ ಆಗಿರುತ್ತದೆ.

ಮರುದಿನ ಹೋದೆವು. ತಂಡ ಮತ್ತೊಂದು ಕೆಲಸಕ್ಕೆ ಹೊರಟುಹೋಗಿತ್ತು.

ವಿದ್ಯಾಸಂಸ್ಥೆಗಳಿಗೆ ಇದು ಹೊಸ ಪೀಡೆಯೇನಲ್ಲ. ಪ್ಯಾರಿಸ್ಸಿನ ಜ್ಯೂಸ್ಯೂ ಎಂಬಲ್ಲಿರುವ ವಿಶ್ವವಿದ್ಯಾನಿಲಯದ ಕಟ್ಟಡಗಳನ್ನು 1960ರ ದಶಕದಲ್ಲಿ ಎಬ್ಬಿಸುವಾಗ ಉಕ್ಕಿನ ತೊಲೆಗಳಿಗೆ ಬೆಂಕಿ ತಗುಲದಿರಲೆಂದು ಕಲ್ನಾರನ್ನು ಸಿಂಪಡಿಸಿದ್ದರು. 1970ರ ದಶಕದಲ್ಲಿ ಅಲ್ಲಿಯ ವಿಜ್ಞಾನಿಗಳೇ ಎಚ್ಚೆತ್ತು ಗದ್ದಲವೆಬ್ಬಿಸಿದರು. ಫ್ರಾನ್ಸ್ ದೇಶ 1997ರಲ್ಲಿ ಕಲ್ನಾರನ್ನು ನಿಷೇಧಿಸಿತು. ಆದರೂ ಆ ಒಂದು ಆವರಣವನ್ನು ಶುದ್ಧಮಾಡಿ ದುರಸ್ತಿ ಮುಗಿಸುವಷ್ಟರಲ್ಲಿ 2016 ಬಂತು. ಅಮೆರಿಕದಲ್ಲಿ 1986ರ ಕಾಯಿದೆಯಂತೆ ಪ್ರತಿಯೊಂದು ಶಾಲೆಯೂ ತನ್ನಲ್ಲಿ ಕಲ್ನಾರು ಎಲ್ಲೆಲ್ಲಿದೆಯೆಂದು ಹುಡುಕಿ ಬರೆದಿಡಬೇಕು. ಬ್ರಿಟನ್ನಿನ 2012ರ ನಿಯಮವೂ ಅದೇ ಜಾಡಿನದು: ಕಟ್ಟಡದ ಹೊಣೆಗಾರನು ಪಟ್ಟಿಮಾಡಿಡಬೇಕು, ಸ್ಥಿತಿಯನ್ನು ಆಗಾಗ್ಗೆ ನೋಡಬೇಕು, ಕೆಲಸಕ್ಕೆ ಬರುವ ಬಡಗಿಗೂ ವಿದ್ಯುತ್ತಿನವನಿಗೂ ಮೊದಲೇ ತಿಳಿಸಬೇಕು.

ಗುಮಾಸ್ತರಾದ ನಮಗೆ ಇದು ಬಹಳ ಹಿಡಿಸಿತು. ಇದು ಮೂಲತಃ ರಜಿಸ್ಟರಿನ ಕೆಲಸ! ಯಾವ ಕೋಣೆ, ಎಷ್ಟು ಪತ್ರೆ, ಬಿರುಕುಂಟೋ ಇಲ್ಲವೋ, ಯಾವಾಗ ನೋಡಿದ್ದು. ಕುರ್ಚಿ ಬೆಂಚುಗಳಿಗೆ ನಂಬರು ಬರೆದು ಡೆಡ್‌ಸ್ಟಾಕ್ ರಜಿಸ್ಟರಿಗೆ ಏರಿಸುವ ಕಾಲೇಜಿಗೆ ಇದೇನು ಹೊರೆಯೆ? ಇಡಿಯಾಗಿರುವುದನ್ನು ಮುಟ್ಟದೆ ಬಿಡುವುದೇ ಮೇಲು. ತೆಗೆಯಲೇಬೇಕಾದರೆ ರಜೆಯಲ್ಲಿ, ಜನರನ್ನು ದೂರವಿಟ್ಟು, ಸಾಬೂನುನೀರಿನಿಂದ ಪತ್ರೆಯನ್ನು ತೋಯಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿಯೇ ಕೆಳಗಿಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೆಸರು ಬರೆಯಬೇಕು. ಬಿದ್ದ ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮೂಗಿಗೆ ಕಟ್ಟಿದ ಟವೆಲು ಈ ಎಳೆಗಳನ್ನು ತಡೆಯದು. ಅದಕ್ಕೆ ತಕ್ಕ ಮುಖವಾಡವೇ ಬೇಕು. ಧೂಳು ಹತ್ತಿದ ಬಟ್ಟೆ ಮನೆಯ ಮಕ್ಕಳ ಬಟ್ಟೆಯೊಡನೆ ಸೇರಕೂಡದು. ಅಪಾಯಕರ ತ್ಯಾಜ್ಯಕ್ಕೆಂದೇ ಮೀಸಲಾದ ತಾಣ ನಮ್ಮ ಪುಣೆ ಜಿಲ್ಲೆಯ ರಾಂಜಣಗಾವಿನಲ್ಲಿಯೇ ಇದೆ.

ನಮ್ಮ ದೇಶದಲ್ಲಿ ಕಲ್ನಾರಿನ ಪತ್ರೆ ತಯಾರಾಗುವುದು ನಿಂತಿಲ್ಲ. ನಾರು ರಶಿಯಾ ಮುಂತಾದ ದೇಶಗಳಿಂದ ಬರುತ್ತದೆ. ಕಾರ್ಖಾನೆಯ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಸುಪ್ರೀಂ ಕೋರ್ಟು 1995ರಲ್ಲಿ ಆಜ್ಞಾಪಿಸಿತು. ಪತ್ರೆ ಮಾಡುವವನಿಗೆ ಈ ದಾಖಲೆ. ಅದೇ ಪತ್ರೆಯನ್ನು ದಿನಗೂಲಿಗೆ ಒಡೆಯುವ ನಮ್ಮ ಇಂಡಿಯವನ ಹೆಸರು ಯಾವ ಕಾಗದದಲ್ಲಿದೆ?

ಈ ಲೇಖನ ಬರೆಯುವ ಮೊದಲು ಆ ಕಾಲೇಜಿಗೆ ಮತ್ತೆ ಹೋಗಿದ್ದೆವು. ಅಲ್ಲಿಯ ಗುಮಾಸ್ತರು ಸಜ್ಜನರು. ಚಹ ತರಿಸಿ, ರಜಿಸ್ಟರು ತೆಗೆದು ತೋರಿಸಿದರು. "ಹಳೆ ಪತ್ರೆ, ಒಂದು ಟ್ರಾಲಿ, ವಿಲೇವಾರಿ" ಎಂದು ಮರಾಠಿಯಲ್ಲಿ ಬರೆದಿತ್ತು. ಎಲ್ಲಿಗೆ ಎಂದು ಕೇಳಿದೆವು. ಅದಕ್ಕೆ ಅಂಕಣವಿಲ್ಲ ಎಂದರು. ನಮ್ಮ ಪೆನ್ನಿನಿಂದಲೇ ಒಂದು ಗೆರೆ ಎಳೆದು ಅಂಕಣವನ್ನು ಮಾಡಿಕೊಟ್ಟು ಬಂದೆವು. ಗುಡಿಸಲಿಗೆ ಹೋದ ಆ ನಾಲ್ಕು ತುಂಡುಗಳು ಮಾತ್ರ ಯಾವ ಅಂಕಣಕ್ಕೂ ಸೇರಲಿಲ್ಲ. ಕಟ್ಟಡದ ಕೆಲಸ ನಡೆಯುವಲ್ಲೆಲ್ಲ ಈಗ ಸೈಕಲ್ ನಿಲ್ಲಿಸಿ, ಇಂಡಿ ಕಡೆಯವರು ಯಾರಾದರೂ ಇದ್ದೀರಾ ಎಂದು ಕೇಳುತ್ತಿದ್ದೇವೆ.