ಕರೆಂಟ್ ಗಾಡಿ ಕೊಳ್ಳುವ ಮುನ್ನ



ಡೇರಿಗೆ ಹಾಲು ಹಾಕಲು, ಸಂತೆಗೆ ಸೊಪ್ಪು ಒಯ್ಯಲು, ಮಕ್ಕಳನ್ನು ಶಾಲೆಗೆ ಬಿಡಲು ಮನೆಗೊಂದು ಗಾಡಿ ಬೇಕೇ ಬೇಕು ಎನ್ನುವ ಕಾಲವಿದು. ಪೆಟ್ರೋಲಿನ ಖರ್ಚಿಗೆ ಬೇಸತ್ತ ಅನೇಕರು ಕರೆಂಟಿನಿಂದ ಓಡುವ ಸ್ಕೂಟರಿನ ಕಡೆ ನೋಡುತ್ತಿದ್ದಾರೆ. "ಅದು ನಮ್ಮಂಥವರ ಕೈಗೆ ಎಟುಕೀತೇ?" ಎಂದು ನೀವು ಕೇಳಬಹುದು. ಇದಕ್ಕೆ ಅಂಗಡಿಯವರು ಹೇಳುವ ಬೆಲೆಯೊಂದೇ ಉತ್ತರವಲ್ಲ. ನಿಮ್ಮ ಮನೆಯಲ್ಲಿ ಗಾಡಿ ದಿನಕ್ಕೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದೇ ಮುಖ್ಯ. ಬನ್ನಿ, ಲೆಕ್ಕ ಹಾಕೋಣ.

ಸುಲಭವಾಗಲೆಂದು ಪೆಟ್ರೋಲನ್ನು ಲೀಟರಿಗೆ 100 ರೂಪಾಯಿ, ಕರೆಂಟನ್ನು ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿಯಿರಿ. ಪೆಟ್ರೋಲ್ ಗಾಡಿ ಲೀಟರಿಗೆ 50 ಕಿಲೋಮೀಟರ್, ಕರೆಂಟ್ ಗಾಡಿ ಯೂನಿಟ್ಟಿಗೆ 25 ಕಿಲೋಮೀಟರ್ ಓಡಲಿ. ಕರೆಂಟ್ ಗಾಡಿಯ ಬೆಲೆ 30,000 ರೂಪಾಯಿ ಹೆಚ್ಚೆಂದು ಇಟ್ಟುಕೊಳ್ಳಿ.

ಮೊದಲನೆಯ ಮನೆಯವರು ತಿಂಗಳಿಗೆ 25 ದಿನ, ದಿನಕ್ಕೆ 30 ಕಿಲೋಮೀಟರ್ ಓಡಿಸುತ್ತಾರೆ. ಒಟ್ಟು 750 ಕಿಲೋಮೀಟರ್. ಪೆಟ್ರೋಲಿಗಾದರೆ 1,500 ರೂಪಾಯಿ. ಕರೆಂಟಿಗಾದರೆ 30 ಯೂನಿಟ್, 180 ರೂಪಾಯಿ. ತಿಂಗಳಿಗೆ 1,320 ರೂಪಾಯಿ ಉಳಿಯಿತು. ಹೆಚ್ಚು ಕೊಟ್ಟ ಹಣ ಎರಡು ವರ್ಷದೊಳಗೆ ಕೈಸೇರಿತು.

ಎರಡನೆಯ ಮನೆಯವರು ಓಡಿಸುವುದು ದಿನಕ್ಕೆ 6 ಕಿಲೋಮೀಟರ್ ಮಾತ್ರ. ಅವರಿಗೆ ತಿಂಗಳಿಗೆ ಉಳಿಯುವುದು 264 ರೂಪಾಯಿ. ಆ 30,000 ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯಂತೆ ತಂದಿದ್ದರೆ ಬಡ್ಡಿಯೇ 300 ರೂಪಾಯಿ! ಉಳಿತಾಯ ಬಡ್ಡಿಗೂ ಸಾಲಲಿಲ್ಲ, ಅಸಲಿನ ಮಾತು ದೂರವೇ ಉಳಿಯಿತು. ಇಂಥವರು ಒಡವೆ ಅಡವಿಟ್ಟೋ ಹಸು ಮಾರಿಯೋ ಹೊಸ ಗಾಡಿ ತರುವುದು ತರವಲ್ಲ. ಇರುವ ಗಾಡಿಯನ್ನೇ ರಿಪೇರಿ ಮಾಡಿಸಿ ಓಡಿಸುವುದು ಲೇಸು.

ಸರ್ಕಾರದ ಸಹಾಯಧನವನ್ನು ನಂಬಿ ಕೂರಬೇಡಿ. ಬ್ಯಾಟರಿಯ ಪ್ರತಿ ಯೂನಿಟ್ ಶಕ್ತಿಗೆ ಕೇಂದ್ರದ ಸಹಾಯಧನ 2021ರ ಜೂನಿನಲ್ಲಿ 15,000 ರೂಪಾಯಿ ಇದ್ದದ್ದು 2023ರ ಜೂನಿನಲ್ಲಿ 10,000, 2024ರ ಏಪ್ರಿಲಿನಲ್ಲಿ 5,000, 2025ರ ಏಪ್ರಿಲಿನಲ್ಲಿ 2,500 ರೂಪಾಯಿಗೆ ಇಳಿಯಿತು. ಇತ್ತ 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಪೆಟ್ರೋಲ್ ಗಾಡಿಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದು ಅವೂ ಅಗ್ಗವಾದವು. ಆದ್ದರಿಂದ ಕೊಳ್ಳುವ ದಿನದ ಬೆಲೆಗಳನ್ನೇ ಕೇಳಿ ತಿಳಿದು ಲೆಕ್ಕ ಹಾಕಿ.

"ಗೃಹಜ್ಯೋತಿ ಇದೆಯಲ್ಲ, ಕರೆಂಟು ಪುಕ್ಕಟೆ ತಾನೇ?" ಎನ್ನುವವರಿದ್ದಾರೆ. 2023ರಲ್ಲಿ ಬಂದ ಈ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಬಳಕೆಯ ಮೇಲೆ ಇಷ್ಟೇ ಯೂನಿಟ್ ಎಂದು ನಿಗದಿಯಾಗಿದೆ. ಅದಕ್ಕಿಂತ ಹೆಚ್ಚು ಉರಿಸಿದರೆ ಹೆಚ್ಚಿನದಕ್ಕೆ ದುಡ್ಡು ಕಟ್ಟಬೇಕು. ತಿಂಗಳಿಗೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ಲೇ ನಿಮ್ಮ ತಲೆಗೆ ಬಂತು. ಗಾಡಿಯ ಯೂನಿಟ್ಟನ್ನು ಮನೆಯ ಹಳೆಯ ಬಿಲ್ಲಿಗೆ ಕೂಡಿಸಿ ನೋಡಿಕೊಳ್ಳಿ. ನೀರಾವರಿ ಪಂಪ್‌ಸೆಟ್ಟಿನ ಲೈನಿಗೆ ಮಾತ್ರ ಗಾಡಿಯ ವೈರು ಸಿಕ್ಕಿಸಬೇಡಿ. ಆ ಕರೆಂಟು ಕೊಟ್ಟಿರುವುದು ಬೆಳೆಗೆ ನೀರೆತ್ತಲು.

ಇನ್ನು ಬ್ಯಾಟರಿಯ ವಿಚಾರ. ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಅದರದೇ. ಕೊಳ್ಳುವಾಗ ಮೂರು ಮಾತು ಕೇಳಿ: ಬ್ಯಾಟರಿ ಲಿಥಿಯಂನದೋ, ಸೀಸ ಮತ್ತು ಆಸಿಡ್ಡಿನದೋ? ಗ್ಯಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್? ಹೊಸದು ಹಾಕಿಸಲು ಎಷ್ಟಾಗುತ್ತದೆ? ಉತ್ತರವನ್ನು ಬಾಯಿಮಾತಿನಲ್ಲಿ ನಂಬದೆ ಬರಹದಲ್ಲಿ ಪಡೆಯಿರಿ. ಗಂಟೆಗೆ 25 ಕಿಲೋಮೀಟರಿಗಿಂತ ವೇಗ ಹೋಗದ, 250 ವ್ಯಾಟ್ ಮೀರದ ಗಾಡಿಗೆ ಲೈಸೆನ್ಸ್ ಬೇಡವೆಂಬುದು ನಿಜ. ಆದರೆ ಹಾಲಿನ ಕ್ಯಾನು ಹೇರಿಕೊಂಡು ಏರು ಹತ್ತಲು ಅದರ ಶಕ್ತಿ ಸಾಲದು. ರಿಪೇರಿ ಮಾಡುವವರು ನಿಮ್ಮ ತಾಲ್ಲೂಕಿನಲ್ಲೇ ಇದ್ದಾರೆಯೇ ಎಂದೂ ವಿಚಾರಿಸಿ. ಗಾಡಿ ಕೆಟ್ಟು ನಿಂತ ದಿನ ಹಾಲು ಕಾಯುವುದಿಲ್ಲ.

ಚಾರ್ಜ್ ಮಾಡುವ ಪ್ಲಗ್ಗಿಗೆ ಒಳ್ಳೆಯ ಅರ್ತಿಂಗ್ ಇರಲಿ. ಹುಲ್ಲಿನ ಬಣವೆ, ಕೊಟ್ಟಿಗೆ, ಮಲಗುವ ಕೋಣೆಗಳ ಹತ್ತಿರ ಚಾರ್ಜಿಗೆ ಹಾಕಬೇಡಿ. ಬಿಸಿಲಿನಲ್ಲಿ ಓಡಿಸಿ ತಂದ ಗಾಡಿ ತಣ್ಣಗಾದ ಮೇಲೆ ಹಾಕಿದರೆ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ.

ಒಂದು ತಿಂಗಳು ನೀವು ಓಡಿಸಿದ ಕಿಲೋಮೀಟರನ್ನೂ ಪೆಟ್ರೋಲಿಗೆ ಕೊಟ್ಟ ಹಣವನ್ನೂ ಕ್ಯಾಲೆಂಡರಿನ ಮೇಲೆ ದಿನವೂ ಬರೆದಿಡಿ. ತಿಂಗಳ ಕೊನೆಗೆ ಮನೆಯವರೆಲ್ಲ ಕೂತು ಕೂಡಿಸಿ ನೋಡಿ. ಪಕ್ಕದ ಮನೆಯವರು ತಂದರೆಂದು ನಾವೂ ತರುವುದಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ನಿಮ್ಮ ಮನೆಗೆ ಈ ಗಾಡಿ ಒಗ್ಗುವುದೋ ಇಲ್ಲವೋ ಎಂಬುದನ್ನು ಆ ಲೆಕ್ಕವೇ ಹೇಳುತ್ತದೆ.